ಮುಂದಿನ ಬಲಗಡೆಯ ಚಕ್ರ

ನವೆಂಬರ್ 5, ಮಂಗಳವಾರ

ಕಾರಿನ ಮುಂದಿನ ಬಲಗಡೆಯ ಚಕ್ರ ಮತ್ತೆ ಗಾಳಿ ಹೋಗಿ ಕೂತಿದೆ.

ಬೇರೆ ವಿಶೇಷವಿಲ್ಲ. ಪಂಚಮಿ ಚಿಕ್ಕಮಗಳೂರಿನಿಂದ ಫೋನ್ ಮಾಡಿದ್ದಳು. "ಅಪ್ಪಾ, ಯಾರ ಹತ್ರನಾದ್ರೂ ಮಾತಾಡು. ಅದೂ ಆಗಲ್ಲ ಅಂದ್ರೆ ಬರೆದಾದ್ರೂ ಇಡು. ಸುಮ್ನೆ ಗೋಡೆ ನೋಡ್ತಾ ಕೂರಬೇಡ" ಎಂದಳು. ಮಗಳು ಹೇಳಿದ ಮೇಲೆ ಒಂದನ್ನಾದರೂ ಮಾಡಬೇಕು. ಮಾತಾಡುವುದಕ್ಕಿಂತ ಬರೆಯುವುದು ವಾಸಿ. ಕಾಗದ ತಿರುಗಿ ಏನೂ ಕೇಳುವುದಿಲ್ಲ.

ಬರೆದೆ. ಚಕ್ರ ಕೂತಿದೆ.

ನವೆಂಬರ್ 7, ಗುರುವಾರ

ಇವತ್ತು ಮಧ್ಯಾಹ್ನದವರೆಗೆ ಗಿರಣಿ ಓಡಿಸಿದೆ. ಹಿಟ್ಟಿನ ಗಿರಣಿಯಲ್ಲಿ ಒಂದು ಅನುಕೂಲವಿದೆ, ಅದು ಓಡುವಾಗ ಯಾರೂ ಮಾತಾಡಿಸುವುದಿಲ್ಲ. ಮೋಟಾರು ನಿಂತ ಕೂಡಲೇ ಜನ ಹತ್ತಿರ ಬಂದು, ತಲೆ ಒಂದು ಕಡೆ ವಾಲಿಸಿ, "ಹೇಗಿದ್ದೀರಿ?" ಎಂದು ಶುರು ಮಾಡುತ್ತಾರೆ. ಅದಕ್ಕೇ ಕೊನೆಯ ಗಿರಾಕಿ ಹೊರಟ ಮೇಲೂ ಸ್ವಲ್ಪ ಹೊತ್ತು ಖಾಲಿ ಓಡಿಸುತ್ತೇನೆ.

ಕಾರು ನನ್ನ ಹೆಂಡತಿ ಸರಸ್ವತಿಯದು. ಹಳೆಯ ಆಲ್ಟೊ. ಸಂಸೆಯಿಂದ ಕಳಸದವರೆಗೆ ಇರುವ ಹೋಂಸ್ಟೇಗಳಿಗೆಲ್ಲ ಅವಳೇ ಅಕ್ಕಿಹಿಟ್ಟು, ಖಾರದ ಪುಡಿ ಹಾಕಿ ಬರುತ್ತಿದ್ದಳು. ಆಗಸ್ಟಿನಲ್ಲಿ ಅವಳು ಹೋದ ಮೇಲೆ ಕಾರು ಗಿರಣಿಯ ಪಕ್ಕದ ಶೆಡ್ಡಿನಿಂದ ಹೊರಗೆ ಬಂದಿಲ್ಲ. ಲೈಸೆನ್ಸ್ ನನಗೂ ಇದೆ. ಇಬ್ಬರೂ ಒಂದೇ ದಿನ ಪರೀಕ್ಷೆ ಕೊಟ್ಟಿದ್ದೆವು. ನನ್ನನ್ನು ನೇರ ರಸ್ತೆಯಲ್ಲಿ ನೇರ ಹೋಗಿ ನೇರ ನಿಲ್ಲಿಸಲು ಹೇಳಿದರು, ನಿಲ್ಲಿಸಿದೆ, ಪಾಸಾದೆ. ಊರಿಗೆ ಬಂದು ನೋಡಿದರೆ ಇಲ್ಲಿ ನೇರ ರಸ್ತೆಯೇ ಇಲ್ಲ. ಮೊದಲ ದಿನವೇ ಗಿರಣಿಯ ಗೋಡೆಗೆ ಗುದ್ದಿದೆ. ಆಮೇಲೆ ಎಡಗಡೆಯ ಸೀಟು ನನ್ನದಾಯಿತು.

ಹೊರಡುವ ಮುಂಚೆ ಅವಳದೊಂದು ಕ್ರಮವಿತ್ತು. ತಲೆಯಿಂದ ಹೇರ್‌ಪಿನ್ ತೆಗೆದು, ಬಾಗಿಲ ಹತ್ತಿರದ ಈ ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಗಾಳಿ ತುಂಬುವ ವಾಲ್ವಿನ ಕ್ಯಾಪು ಬಿಚ್ಚಿ, ಒಳಗಿನ ಸಣ್ಣ ಕಡ್ಡಿಯನ್ನು ಒತ್ತುವುದು. ಚುಸ್ ಎನ್ನುತ್ತಿತ್ತು. "ಉಸಿರಾಡ್ತಾ ಇದೆ, ನಡೀರಿ" ಎಂದು ಏಳುತ್ತಿದ್ದಳು. ಉಳಿದ ಮೂರನ್ನು ನೋಡುತ್ತಿರಲಿಲ್ಲ. ಕೇಳಿದರೆ, "ನಾಲ್ಕೂ ಅಕ್ಕತಂಗೀರು. ಒಬ್ಬಳನ್ನ ವಿಚಾರಿಸಿದ್ರೆ ಸಾಕು" ಎನ್ನುತ್ತಿದ್ದಳು.

ಆ ಹೇರ್‌ಪಿನ್ ಈಗ ನನ್ನ ಅಂಗಿಯ ಜೇಬಿನಲ್ಲಿದೆ. ಬೆಳಿಗ್ಗೆ ಎದ್ದ ಕೂಡಲೇ ಹೋಗಿ ನೋಡುತ್ತೇನೆ. ಚುಸ್ ಎಂದರೆ ಬಂದು ಕಾಫಿ ಕುಡಿಯುತ್ತೇನೆ.

ಇಷ್ಟು ನಿಗಾ ಇಟ್ಟರೂ ಆ ಚಕ್ರ ಯಾಕೆ ಹೀಗೆ ಮಾಡುತ್ತಿದೆಯೋ ತಿಳಿಯದು. ಇವತ್ತು ಪಕ್ಕದ ಮನೆಯ ಭೂತಯ್ಯಣ್ಣನ ಸೈಕಲ್ ಪಂಪ್ ತಂದು ಹೊಡೆದೆ. ಪಂಪಿನ ಜೊತೆ ಭೂತಯ್ಯಣ್ಣನೂ ಬಂದರು. "ಗಾಳಿ ಅಂದ್ರೆ ಎಂಥ ಮಾರಾಯ, ಇರೂದೇ ಹೋಗ್ಲಿಕ್ಕೆ" ಎಂದು ನಾನು ಬೆವರುವುದನ್ನು ನೋಡುತ್ತ ನಿಂತರು.

ನವೆಂಬರ್ 10, ಭಾನುವಾರ

ಯಶವಂತ ಮೂಡಿಗೆರೆಯಿಂದ ಬಂದಿದ್ದ. ಸರಸ್ವತಿಯ ತಮ್ಮ. ಮಗಳು ಸುಪ್ರಿಯಾಗೆ ಕಾರು ಕಲಿಸಬೇಕಂತೆ, ಅವಳಿಗೆ ಅತ್ತೆಯ ಕಾರೇ ಬೇಕಂತೆ. ಕೇಳಿದ್ದರಲ್ಲಿ ತಪ್ಪಿಲ್ಲ. ತಿಥಿಯ ದಿನ ಊಟಕ್ಕೆ ಕೂತಿದ್ದಾಗ ನಾನೇ, "ಇಲ್ಲಿ ಯಾರು ಓಡಿಸ್ತಾರೆ, ತಗೊಂಡು ಹೋಗು" ಎಂದಿದ್ದೆ. ಆ ದಿನ ಯಾರಾದರೂ ಕೇಳಿದ್ದರೆ ಗಿರಣಿಯನ್ನೂ ಕೊಡುತ್ತಿದ್ದೆ.

ಶೆಡ್ಡಿಗೆ ಹೋಗಿ ನೋಡಿದರೆ ಚಕ್ರ ನೆಲಕ್ಕೆ ಅಂಟಿಕೊಂಡಿದೆ. ಬೆಳಿಗ್ಗೆಯಿಂದ ಮನಸ್ಸಿಗೆ ಸಮಾಧಾನವಿಲ್ಲದೆ ಮೂರು ನಾಲ್ಕು ಸಲ ಪರೀಕ್ಷೆ ಮಾಡಿದ್ದೆ, ಪ್ರತಿ ಸಲವೂ ಗಾಳಿ ಇತ್ತು. ಅವನು ಬರುವ ಹೊತ್ತಿಗೆ ಇಲ್ಲ.

"ಅಷ್ಟೇ ತಾನೆ ಭಾವ, ಸ್ಟೆಪ್ನಿ ಹಾಕ್ಕೊಂಡು ಹೋಗ್ತೀನಿ" ಎಂದು ಡಿಕ್ಕಿ ತೆಗೆದ. ಸ್ಟೆಪ್ನಿ ಇದಕ್ಕಿಂತ ಚಪ್ಪಟೆಯಾಗಿತ್ತು. ಅದರ ಮೇಲೆ ಎಷ್ಟೋ ವರ್ಷ ಹಿಟ್ಟಿನ ಚೀಲ ಹೇರಿದ್ದೇವೆ.

"ಪಂಪ್ ಹೊಡೆದು ಹೊರಡ್ತೀನಿ. ಮೂಡಿಗೆರೆಲಿ ಸರಿ ಮಾಡಿಸಿದ್ರಾಯ್ತು."

"ದಾರಿಲಿ ಕೊಟ್ಟಿಗೆಹಾರದ ಹತ್ರ ಕೂತ್ರೆ?"

"ಕೂತ್ರೆ ಇಳಿದು ನೀರುದೋಸೆ ತಿಂತೀನಿ. ನಿಮಗೆಂಥ ಚಿಂತೆ?"

"ತೂತಿರೋ ಪಾತ್ರೆನ ಯಾರಾದ್ರೂ ನೆಂಟರಿಗೆ ಕೊಡ್ತಾರೇನೋ? ನಾನು ಸರಿ ಮಾಡಿಸ್ತೀನಿ. ಒಂದು ವಾರ ಗಾಳಿ ನಿಂತಿತು ಅಂದ್ರೆ ನಾನೇ ಫೋನ್ ಮಾಡ್ತೀನಿ. ಬಂದು ತಗೊಂಡು ಹೋಗು."

"ದೇವರಾಣೆ?"

"ನಿನ್ನ ಅಕ್ಕನಾಣೆ."

ಅವನು ಕಾಫಿ ಕುಡಿದು ಬಸ್ಸಿಗೆ ಹೋದ. ಹಾಳಾದ ಚಕ್ರವನ್ನು ಬೇಗ ಸರಿ ಮಾಡಿಸಬೇಕು. ಕೊಟ್ಟ ಮಾತು ಕೊಟ್ಟದ್ದೇ.

ನವೆಂಬರ್ 13, ಬುಧವಾರ

ಕಾರು ಅಂಗಡಿಗೆ ಹೋಗಲಾರದು, ಚಕ್ರ ಹೋಗಬಹುದು. ಜಾಕ್ ಕೊಟ್ಟು, ಕೆಳಗೆ ಕಲ್ಲಿಟ್ಟು, ಚಕ್ರ ಬಿಚ್ಚಿ ಉರುಳಿಸಿಕೊಂಡು ರಸ್ತೆಗೆ ಬಂದೆ. ಬಸ್ಸು ನಿಂತಿತು. ಕಂಡಕ್ಟರ್ ನನ್ನನ್ನು ನೋಡಿದ, ಚಕ್ರವನ್ನು ನೋಡಿದ.

"ಉಳಿದ ಕಾರು ಹಿಂದಿನ ಬಸ್ಸಿಗೆ ಬರ್ತದಾ?"

ಬಸ್ಸೆಲ್ಲ ನಕ್ಕಿತು. ಚಕ್ರವನ್ನು ಕಾಲಿನ ಮುಂದೆ ನಿಲ್ಲಿಸಿಕೊಂಡು ತಲೆ ತಗ್ಗಿಸಿ ಕೂತೆ. ತಿರುವು ಬಂದಾಗಲೆಲ್ಲ ಅದು ಎದುರು ಸೀಟಿನ ಹೆಂಗಸಿನ ಕಡೆಗೆ ಹೊರಡುತ್ತಿತ್ತು. ಆಕೆ ಕೊನೆಗೆ ಎರಡೂ ಕಾಲನ್ನು ಅದರ ಮೇಲಿಟ್ಟು, "ನೀವು ಕೈ ಬಿಡಿ, ನಾನು ಹಿಡ್ಕೊಂಡಿದ್ದೀನಿ" ಎಂದರು. ಕಳಸ ಬರುವವರೆಗೂ ಹಾಗೇ ಬಂದರು.

ಪಂಕ್ಚರ್ ಅಂಗಡಿಯ ಖಲೀಲ್ ಸರಸ್ವತಿಗೆ ಚೆನ್ನಾಗಿ ಗೊತ್ತಿದ್ದವನು. ನನಗೆ ಅಷ್ಟಿಲ್ಲ, ನಾನು ಎಡಗಡೆ ಸೀಟಿನಿಂದ ಇಳಿಯುತ್ತಲೇ ಇರಲಿಲ್ಲ. ನನ್ನನ್ನು ಕಂಡವನೇ ಕೈ ಒರೆಸಿಕೊಂಡು ಎದ್ದು ಬಂದ. ಅವನೂ ಈಗ ತಲೆ ವಾಲಿಸುತ್ತಾನೆ ಎಂದುಕೊಂಡು ಬೇಗ ಚಕ್ರ ಮುಂದೆ ಮಾಡಿದೆ.

"ಬಿಡಿ ದಾಮೋದರಣ್ಣ, ಹತ್ತು ನಿಮಿಷದ ಕೆಲಸ. ಸುಳ್ಳು ಹೇಳುವ ಟಯರ್ ಇರಬಹುದು, ನನ್ನ ತೊಟ್ಟಿ ಸುಳ್ಳು ಹೇಳಲ್ಲ" ಎಂದು ಗಾಳಿ ತುಂಬಿಸಿ, ನೀರಿನ ತೊಟ್ಟಿಯಲ್ಲಿ ಅದ್ದಿ ನಿಧಾನ ತಿರುಗಿಸಿದ. ಒಂದು ಗುಳ್ಳೆ ಬರಲಿಲ್ಲ. ಇನ್ನೊಂದು ಸುತ್ತು ತಿರುಗಿಸಿದ. ವಾಲ್ವಿಗೆ ಎಂಜಲು ಹಚ್ಚಿ ನೋಡಿದ. ಟಯರಿಗೆ ಕಿವಿಯಿಟ್ಟು ಕಣ್ಣು ಮುಚ್ಚಿದ. ಮೊಳೆಯಿಲ್ಲ, ಮುಳ್ಳಿಲ್ಲ.

"ಎಲ್ಲೂ ತೂತಿಲ್ಲ ಮಾರಾಯ್ರೆ. ನಿಮಗೆ ಹಾಗೆ ಅನ್ಸಿದೆ."

"ಪೂರ್ತಿ ಕೂತಿತ್ತು."

"ಕೂತಿದ್ರೆ ಈಗ ಎದ್ದಿದೆ. ಕರ್ಕೊಂಡು ಹೋಗಿ."

ನವೆಂಬರ್ 14, ಗುರುವಾರ

ಬೆಳಿಗ್ಗೆ ಚುಸ್. ಒಳ್ಳೆಯ ಗಟ್ಟಿ ಶಬ್ದ. ಮಧ್ಯಾಹ್ನ ಚುಸ್. ಸಂಜೆ ಕೂಡ ನೋಡಿದೆ, ಶಬ್ದ ಚೆನ್ನಾಗಿ ಕೇಳುವವರೆಗೆ ಒತ್ತಿ ಹಿಡಿದೆ. ಏನೂ ತೊಂದರೆಯಿಲ್ಲ.

ನವೆಂಬರ್ 19, ಮಂಗಳವಾರ

ನಿನ್ನೆ ಕೂತಿತು. ಇವತ್ತು ಮತ್ತೆ ಬಸ್ಸು.

"ಇವತ್ತು ಯಾವ ಪಾರ್ಟು?" ಎಂದ ಕಂಡಕ್ಟರ್.

"ಅದೇ ಪಾರ್ಟು."

"ಪಾಪ, ಬುದ್ಧಿ ಬಂದಿಲ್ಲ ಅದಕ್ಕೆ."

ಖಲೀಲ್ ಈ ಸಲ ನಗಲಿಲ್ಲ. ಟಯರ್ ಬಿಚ್ಚಿದ, ರಿಮ್ಮಿನ ತುಕ್ಕು ಉಜ್ಜಿದ, ಅಂಚಿಗೆ ಅಂಟು ಬಳಿದ, ಹೊಸ ವಾಲ್ವು ಹಾಕಿದ. ಅಷ್ಟರಲ್ಲಿ ಒಬ್ಬ ಜೀಪಿನವನು ನಿಲ್ಲಿಸಿ, "ಓ ಖಲೀಲ್, ನಿನ್ನ ಕೈಗೆ ಸಿಗದ ಪಂಕ್ಚರ್ ಒಂದು ಸಂಸೇಲಿ ಇದೆಯಂತೆ?" ಎಂದು ಕೇಳಿದ. ಸುದ್ದಿ ಕಂಡಕ್ಟರನದೇ.

ಖಲೀಲನ ಮುಖ ಕೆಂಪಾಯಿತು. "ದಾಮೋದರಣ್ಣ, ಚಕ್ರ ಇಲ್ಲೇ ಬಿಟ್ಟು ಹೋಗಿ. ನನ್ನ ಕಣ್ಣೆದುರು ಇರ್ಲಿ. ಇದು ಈಗ ನಿಮ್ಮ ವಿಷಯ ಅಲ್ಲ."

ಟೀ ತರಿಸಿದ. ಕುಡಿದೆ. ಅವನು ಅಂಟು, ವಾಲ್ವು, ಮಾವನ ಮನೆ, ಕುದುರೆಮುಖದ ರಸ್ತೆ ಎಲ್ಲದರ ಬಗ್ಗೆ ಮಾತಾಡಿದ. ನಾನು ಬರೀ ಹ್ಞೂಂ ಎನ್ನುತ್ತಿದ್ದೆ ಅನಿಸುತ್ತದೆ. ಆದರೆ ಎರಡು ಬಸ್ಸು ತಪ್ಪಿದವು.

ನವೆಂಬರ್ 23, ಶನಿವಾರ

ಚಕ್ರವಿಲ್ಲದೆ ಬೆಳಿಗ್ಗೆ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. ಎದ್ದು ಶೆಡ್ಡಿಗೆ ಹೋಗುತ್ತೇನೆ, ಅಲ್ಲಿ ಕಲ್ಲಿದೆ. ಕಲ್ಲನ್ನು ಏನೆಂದು ಪರೀಕ್ಷಿಸುವುದು?

ಹಾಗಾಗಿ ಗಿರಣಿ ಬೇಗ ತೆಗೆದೆ. ಭೂತಯ್ಯಣ್ಣನ ಹೆಂಡತಿ ಮುತ್ತಮ್ಮ ಬ್ಯಾಡಗಿ ಮೆಣಸಿನಕಾಯಿ ತಂದು, "ಖಾರ ಮಾಡೂದು ನಿಲ್ಲಿಸಿದ್ದೀಯಂತೆ, ನಿಲ್ಲಿಸಿದ್ರೆ ನಿಲ್ಲಿಸು, ನಂದೊಂದು ಮಾಡಿ ಕೊಟ್ಟು ನಿಲ್ಲಿಸು" ಎಂದರು. ಖಾರದ ಕಲ್ಲು ಆಗಸ್ಟಿನಿಂದ ತಿರುಗಿರಲಿಲ್ಲ. ತಿರುಗಿತು. ಮೂಗಿನಲ್ಲಿ, ಕಣ್ಣಿನಲ್ಲಿ ಎಲ್ಲ ನೀರು. ಖಾರ ಮಾಡುವಾಗ ಎಷ್ಟು ಹೊತ್ತು ಕಣ್ಣೀರು ಬಂದರೂ ಯಾರೂ ಏನೂ ಕೇಳುವುದಿಲ್ಲ, ಇದೊಂದು ಅನುಕೂಲ.

ನವೆಂಬರ್ 26, ಮಂಗಳವಾರ

ಖಲೀಲ್ ಸ್ಕೂಟರಿನ ಮುಂದೆ ಚಕ್ರ ಇಟ್ಟುಕೊಂಡು ಬಂದ. ಅವನ ಅಂಗಡಿಯಲ್ಲಿದ್ದಷ್ಟು ದಿನವೂ ಕೂದಲೆಳೆಯಷ್ಟು ಗಾಳಿ ಇಳಿದಿಲ್ಲವಂತೆ.

"ನಮ್ಮಲ್ಲಿ ಆರಾಮಾಗಿತ್ತು ದಾಮೋದರಣ್ಣ. ಊಟ ಒಂದು ಕೇಳಲಿಲ್ಲ. ಚಕ್ರದಲ್ಲಿ ಏನೂ ಇಲ್ಲ, ನಿಮ್ಮ ಮನೇಲೇ ಏನೋ ಇದೆ."

ಅದನ್ನು ಖಚಿತ ಮಾಡಿಕೊಳ್ಳಲು ಒಂದು ಉಪಾಯ ಮಾಡಿದ. ಈ ಚಕ್ರವನ್ನು ಹಿಂದಕ್ಕೆ ಹಾಕಿದ, ಹಿಂದಿನ ಒಳ್ಳೆಯ ಚಕ್ರವನ್ನು ಮುಂದಿನ ಬಲಗಡೆಗೆ ಹಾಕಿದ. ರೋಗಿಯನ್ನು ಬದಲಿಸಿದೆ, ಹಾಸಿಗೆ ಅದೇ ಇದೆ, ಈಗ ನೋಡುವ ಎಂದ.

ಆಮೇಲೆ, "ಕಾರು ನಿಂತಲ್ಲೇ ನಿಂತ್ರೆ ಟಯರ್ ಒಂದೇ ಕಡೆ ಒತ್ತಿ ಕೆಡ್ತದೆ. ಹತ್ತಿ, ಸ್ವಲ್ಪ ಅಲ್ಲಾಡಿಸುವ" ಎಂದ.

"ನಾನು ಓಡಿಸಲ್ಲ."

"ಓಡಿಸಿ ಅಂದ್ನಾ? ಅಲ್ಲಾಡಿಸಿ ಅಂದೆ."

ಬ್ಯಾಟರಿ ಸತ್ತಿತ್ತು. ಅವನು ತಂದ ಬ್ಯಾಟರಿಗೆ ವಯರ್ ಕೊಟ್ಟು ಎಬ್ಬಿಸಿದ. ಎಂಜಿನ್ ಶುರುವಾದದ್ದೇ ಫ್ಯಾನಿನಿಂದ ಹಳೆಯ ಖಾರದ ಪುಡಿ ಭುಸ್ಸೆಂದು ಮುಖಕ್ಕೆ ಹೊಡೆಯಿತು. ಇಬ್ಬರೂ ಸೀನಿದೆವು. ಸೀನಿನ ರಭಸಕ್ಕೆ ನನ್ನ ಕಾಲು ಕ್ಲಚ್ಚಿನಿಂದ ಜಾರಿ ಕಾರು ಒಂದು ಗೇಣು ಮುಂದೆ ಹಾರಿ ಸೌದೆ ರಾಶಿಗೆ ಮೂಗು ತಾಗಿಸಿ ನಿಂತಿತು.

"ಅಲ್ಲಾಡಿತು" ಎಂದ ಖಲೀಲ್, ಕಣ್ಣು ಒರೆಸಿಕೊಳ್ಳುತ್ತ. "ಇನ್ನೊಂದು ಸಲ, ಸೀನದೆ."

ಸೂರ್ಯ ಮುಳುಗುವವರೆಗೆ ಶೆಡ್ಡಿನೊಳಗೆ, ಶೆಡ್ಡಿನ ಹೊರಗೆ ಮಾಡಿದೆವು.

ಡಿಸೆಂಬರ್ 1, ಭಾನುವಾರ

ಮುಂದಿನ ಬಲಗಡೆಯ ಚಕ್ರ ಕೂತಿದೆ. ಹಿಂದಕ್ಕೆ ಹಾಕಿದ ಹಳೆಯ ರೋಗಿ ಕಲ್ಲಿನ ಹಾಗೆ ಗಟ್ಟಿಯಾಗಿದೆ.

ಖಲೀಲನಿಗೆ ಫೋನ್ ಮಾಡಿ ಹೇಳಿದೆ. "ಯಾ ಅಲ್ಲಾ" ಎಂದ.

ಭೂತಯ್ಯಣ್ಣನಿಗೆ ಮಾತ್ರ ಆಶ್ಚರ್ಯವಾಗಲಿಲ್ಲ. "ನಾನು ಮೊದಲೇ ಹೇಳಿದ್ನಲ್ಲ, ಜಾಗದ ದೋಷ. ಆ ಮೂಲೆಲಿ ಹಿಂದೆ ಒಂದು ಹುತ್ತ ಇತ್ತು" ಎಂದರು. ಮೊದಲು ಹೇಳಿರಲಿಲ್ಲ. ಹುತ್ತ ಇದ್ದದ್ದು ಅವರ ಕೊಟ್ಟಿಗೆಯ ಹಿಂದೆ.

ಖಲೀಲನದು ಬೇರೆ ಲೆಕ್ಕ. "ಜಾಗಕ್ಕೆ ಕೈ ಇಲ್ಲ ದಾಮೋದರಣ್ಣ. ಗಾಳಿ ಬಿಡ್ಲಿಕ್ಕೆ ಕೈ ಬೇಕು. ಆ ಭೂತಯ್ಯಣ್ಣಂಗೂ ನಿಮಗೂ ಗಿರಣಿ ಸದ್ದಿಂದು ತಕರಾರು ಇತ್ತಲ್ಲ?"

ಇತ್ತು. ಗಿರಣಿ ಓಡಿದರೆ ಅವರ ದನ ಹಾಲು ಬಿಡುವುದಿಲ್ಲ ಎಂದು ಒಂದು ವರ್ಷ ಮಾತು ಬಿಟ್ಟಿದ್ದರು. ಸರಸ್ವತಿಯೇ ಹೋಗಿ ದನಕ್ಕೆ ತೌಡು ಕೊಟ್ಟು ರಾಜಿ ಮಾಡಿಸಿದ್ದಳು. ಆದರೂ ಆ ಮನುಷ್ಯ ಅಂಥವರಲ್ಲ ಎಂದೆ.

"ಎಲ್ಲರೂ ಅಂಥವರಲ್ಲ. ಗಾಳಿ ಹೋಗ್ತಾ ಇರೂದು ಮಾತ್ರ ಹೌದು. ಗುರುವಾರ ಬೆಳಕು ಹರಿಯೋ ಮೊದಲು ಬರ್ತೀನಿ. ಹಿಡಿಯುವ."

ಡಿಸೆಂಬರ್ 5, ಗುರುವಾರ

ಇವತ್ತಿನದು ಹೇಗೆ ಬರೆಯುವುದೋ ತಿಳಿಯುತ್ತಿಲ್ಲ. ಆದ ಹಾಗೇ ಬರೆಯುತ್ತೇನೆ.

ಕೂತಿದ್ದ ಚಕ್ರಕ್ಕೆ ನಿನ್ನೆ ಸಂಜೆಯೇ ಪಂಪ್ ಹೊಡೆದಿಟ್ಟಿದ್ದೆ. ಮಂಜು ಇತ್ತು. ಖಲೀಲ್ ಮಂಕಿ ಕ್ಯಾಪ್ ಹಾಕಿಕೊಂಡು ಬಂದ. ಇಬ್ಬರೂ ಸೌದೆ ರಾಶಿಯ ಹಿಂದೆ ಕೂತೆವು. ಸ್ವಲ್ಪ ಬೆಳಕಾಗುವಾಗ ನಿಜವಾಗಿ ಹೆಜ್ಜೆ ಸಪ್ಪಳವಾಯಿತು. ಭೂತಯ್ಯಣ್ಣ! ತಲೆಗೆ ಮಫ್ಲರ್ ಸುತ್ತಿಕೊಂಡು, ಆ ಕಡೆ ಈ ಕಡೆ ನೋಡಿ, ನೇರ ಮುಂದಿನ ಬಲಗಡೆಯ ಚಕ್ರದ ಹತ್ತಿರ ಹೋಗಿ ಬಗ್ಗಿದರು.

"ಸಿಕ್ಕಿಬಿದ್ರಿ!" ಎಂದು ಖಲೀಲ್ ಹಾರಿ ಕೈ ಹಿಡಿದ.

"ಅಯ್ಯಯ್ಯೋ! ಬಿಡೋ! ಎಂಥ ಮಾರಾಯ ಇದು!"

"ಕೈಲೇನಿದೆ? ತೆಗೀರಿ!"

ಕೈಯಲ್ಲಿ ಒಂದು ನಿಂಬೆಹಣ್ಣು ಇತ್ತು. ಕುಂಕುಮ ಹಚ್ಚಿದ್ದು.

"ದೋಷ ಹೋಗ್ಲಿ ಅಂತ ಚಕ್ರದ ಅಡಿ ಇಡ್ಲಿಕ್ಕೆ ಬಂದೆ. ಮನೆಯವರಿಗೆ ಗೊತ್ತಾಗದ ಹಾಗೆ ಇಡಬೇಕು, ಗೊತ್ತಾದ್ರೆ ಫಲ ಇಲ್ಲ. ಎಲ್ಲಾ ಹಾಳು ಮಾಡಿದೆ ನೀನು!"

"ಬೆಳಗಾಗೋ ಮೊದಲು ನಿಂಬೆಹಣ್ಣಾ? ಯಾರಿಗೆ ಹೇಳ್ತೀರಿ?"

"ಮತ್ತೆ ನಡು ಮಧ್ಯಾಹ್ನ ಡೋಲು ಹೊಡ್ಕೊಂಡು ಇಡ್ಲಾ?"

ಇಬ್ಬರೂ ಹೀಗೆ ಜಗಳ ಮಾಡುತ್ತಿದ್ದರು. ನಾನು ಹೇಗೂ ಶೆಡ್ಡಿನಲ್ಲೇ ಇದ್ದೆ. ಹೇಗೂ ಬೆಳಗಾಗಿತ್ತು. ಕಾಫಿಗೆ ಮುಂಚೆ ನೋಡುವುದನ್ನು ನೋಡಿಬಿಡೋಣವೆಂದು ಹೇರ್‌ಪಿನ್ ತೆಗೆದು, ಕೂತು, ಕ್ಯಾಪು ಬಿಚ್ಚಿ ಒತ್ತಿದೆ.

ಚುಸ್.

ಜಗಳ ನಿಂತಿತು. ಇಬ್ಬರೂ ತಿರುಗಿ ನನ್ನನ್ನು ನೋಡಿದರು.

"ಅದೆಂಥ ಮಾಡಿದ್ರಿ?" ಎಂದ ಖಲೀಲ್.

"ನೋಡಿದೆ. ಗಾಳಿ ಇದೆ."

"ಇತ್ತು" ಎಂದ ಖಲೀಲ್. "ದಿನಾ ಮಾಡ್ತೀರಾ?"

"ದಿನಾ ಬೆಳಿಗ್ಗೆ. ಕಡಿಮೆ ಅನ್ಸಿದ್ರೆ ಮಧ್ಯಾಹ್ನನೂ. ತುಂಬಾ ಕಡಿಮೆ ಅನ್ಸಿದ್ರೆ ಸಂಜೆನೂ."

ಖಲೀಲ್ ಹಾಗೇ ಸೌದೆಯ ಮೇಲೆ ಕುಸಿದು ಕೂತ. ಮೊದಲು ಅಳುತ್ತಿದ್ದಾನೆ ಎಂದುಕೊಂಡೆ. ಮಂಕಿ ಕ್ಯಾಪ್ ಕಿತ್ತು ಬಾಯಿಗೆ ಒತ್ತಿಕೊಂಡು ನಗುತ್ತಿದ್ದ. "ಉಸಿರಾಡ್ತಾ ಇದೆಯಾ ಅಂತ ದಿನಕ್ಕೆ ಮೂರು ಸಲ ಉಸಿರು ತೆಗೆದು ನೋಡಿದ್ರೆ ಯಾವ ರೋಗಿ ಉಳೀತಾನೆ ಮಾರಾಯ್ರೆ! ನನ್ನ ವಾಲ್ವು! ನನ್ನ ಅಂಟು! ನನ್ನ ಮರ್ಯಾದೆ!"

ಭೂತಯ್ಯಣ್ಣನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವರೂ ಚಕ್ರ ಹಿಡಿದುಕೊಂಡು ನಕ್ಕರು. ನಾನು ಹಾಗೇ ಕೂತಿದ್ದೆ.

ನಕ್ಕು ಮುಗಿದ ಮೇಲೆ ಖಲೀಲ್ ಕೈ ಚಾಚಿ ಹೇರ್‌ಪಿನ್ ಕೇಳಿದ. ತಿರುಗಿಸಿ ನೋಡಿದ. "ಸರಸ್ವತಕ್ಕಂದಾ?"

"ಹ್ಞೂಂ."

ಅವನೇ ಅದನ್ನು ನನ್ನ ಜೇಬಿಗೆ ಹಾಕಿದ. ಭೂತಯ್ಯಣ್ಣ, "ಹಾಗಾದ್ರೆ ಈ ನಿಂಬೆಹಣ್ಣು ಎಂಥ ಮಾಡೂದು?" ಎಂದರು.

"ತೊಳೆದು ಶರಬತ್ತು ಮಾಡಿ" ಎಂದ ಖಲೀಲ್.

ಮುತ್ತಮ್ಮ ಮಾಡಿದರು. ಆ ಚಳಿಯಲ್ಲಿ ಎಲ್ಲರೂ ಶರಬತ್ತು ಕುಡಿದೆವು.

ಡಿಸೆಂಬರ್ 6, ಶುಕ್ರವಾರ

ಇವತ್ತು ನೋಡಲಿಲ್ಲ. ಕಾಫಿ ರುಚಿಸಲಿಲ್ಲ.

ಡಿಸೆಂಬರ್ 7, ಶನಿವಾರ

ನೋಡಲಿಲ್ಲ. ಗಿರಣಿಗೆ ಬಂದವರೆಲ್ಲ ನಗುತ್ತ ಬಂದರು. ಭೂತಯ್ಯಣ್ಣ ಇಡೀ ಸಂಸೆಗೆ ಹೇಳಿದ್ದಾರೆ. ತಲೆ ವಾಲಿಸಿ "ಹೇಗಿದ್ದೀರಿ" ಎಂದು ಒಬ್ಬರೂ ಕೇಳಲಿಲ್ಲ. "ಗಾಳಿ ಹೇಗಿದೆ" ಎಂದು ಕೇಳಿದರು. ಇದಕ್ಕೆ ಉತ್ತರ ಹೇಳುವುದು ಸುಲಭ.

ಡಿಸೆಂಬರ್ 8, ಭಾನುವಾರ

ಲೆಕ್ಕ ಹೀಗಿದೆ. ಒತ್ತದಿದ್ದರೆ ಗುರುವಾರಕ್ಕೆ ಒಂದು ವಾರ ಗಾಳಿ ನಿಂತ ಹಾಗೆ. ಯಶವಂತನಿಗೆ ಫೋನ್ ಮಾಡಬೇಕು, ಕಾರು ಹೋಗುತ್ತದೆ. ಒತ್ತಿದರೆ ಗಾಳಿ ಹೋಗುತ್ತದೆ, ಕಾರು ಇರುತ್ತದೆ. ಅವಳ ಆಣೆ ಇಟ್ಟ ಮೇಲೆ ಸುಳ್ಳು ಹೇಳುವ ಹಾಗಿಲ್ಲ. ಒತ್ತಿದರೆ ಸುಳ್ಳೇನೂ ಹೇಳಿದ ಹಾಗಾಗುವುದಿಲ್ಲ.

ಇಷ್ಟು ಬರೆದು ಶೆಡ್ಡಿಗೆ ಹೋದೆ. ಕೂತೆ. ಕ್ಯಾಪು ಬಿಚ್ಚಿದೆ. ಹೇರ್‌ಪಿನ್ ಕಡ್ಡಿಯ ಮೇಲಿಟ್ಟೆ.

ಅವಳು "ಉಸಿರಾಡ್ತಾ ಇದೆ, ನಡೀರಿ" ಎನ್ನುತ್ತಿದ್ದಳು. ಎಂದು, ಎದ್ದು, ಹೊರಡುತ್ತಿದ್ದಳು. ನಾನು ಇಷ್ಟು ದಿನ ಮೊದಲಿನ ಅರ್ಧ ಮಾತ್ರ ಮಾಡಿದ್ದೇನೆ.

ಕ್ಯಾಪು ತಿರುಗಿಸಿ ಹಾಕಿದೆ. ಕೂತು ಕೂತು ಕಾಲು ಜೋಮು ಹಿಡಿದಿತ್ತು. ಬಾಗಿಲು ತೆಗೆದು ಬಲಗಡೆ ಸೀಟಿನಲ್ಲಿ ಕೂತೆ. ಸೀಟು ಮುಂದಕ್ಕಿತ್ತು, ಅವಳು ಗಿಡ್ಡ. ಮೊಣಕಾಲು ಸ್ಟೇರಿಂಗಿಗೆ ತಾಗುತ್ತಿತ್ತು. ಸುಮಾರು ಹೊತ್ತು ಹಾಗೇ ಕೂತಿದ್ದು, ಆಮೇಲೆ ಸೀಟು ಹಿಂದಕ್ಕೆ ಸರಿಸಿಕೊಂಡೆ.

ಡಿಸೆಂಬರ್ 10, ಮಂಗಳವಾರ

ಖಲೀಲ್ ಬಂದಿದ್ದ. "ಕಾರು ಕೊಡೂದಾದ್ರೆ ಕೊಡಿ. ಅಷ್ಟರೊಳಗೆ ಒಂದು ಸಲ ಬೆವರಿಳಿಸುವ" ಎಂದು ಕುದುರೆಮುಖಕ್ಕೆ ಕರೆದುಕೊಂಡು ಹೋದ. ಗಣಿ ನಿಂತ ಮೇಲೆ ಆ ಊರಲ್ಲಿ ಮನೆಗಳಿಗಿಂತ ರಸ್ತೆ ಜಾಸ್ತಿ, ರಸ್ತೆಗೆ ಜನವಿಲ್ಲ. ಸರಸ್ವತಿ ಕಲಿತದ್ದೂ ಅಲ್ಲೇ. ಬಾಗಿಲು ಮುಚ್ಚಿದ ಕ್ವಾರ್ಟರ್ಸುಗಳ ಸುತ್ತ ಸುತ್ತು ಹೊಡೆದೆ. ಎರಡನೆಯ ಗೇರಿನಲ್ಲಿ ನನಗೂ ಕಾರಿಗೂ ಒಳ್ಳೆಯ ಹೊಂದಾಣಿಕೆ ಇದೆ.

ಒಂದು ತಿರುವಿನಲ್ಲಿ ಕಾಟಿ ನಿಂತಿತ್ತು. ಗುಡ್ಡದಂಥ ಕಾಡುಕೋಣ. ಬ್ರೇಕ್ ಒತ್ತಿದೆ. ಕಾರು ಅಲುಗದೆ, ಕುಣಿಯದೆ, ಬಂದ್ ಬೀಳದೆ ನಿಂತಿತು.

"ಶಾಭಾಸ್" ಎಂದು ಖಲೀಲ್ ಪಿಸುಗುಟ್ಟಿದ. "ಹಾರ್ನ್ ಮಾತ್ರ ಹೊಡೀಬೇಡಿ."

ಕಾಟಿ ನಮ್ಮನ್ನು ನೋಡಿತು. ಮುಂದಿನ ಬಲಗಡೆಯ ಚಕ್ರವನ್ನೇ ನೋಡಿದ ಹಾಗಿತ್ತು. ಆಮೇಲೆ ನಿಧಾನಕ್ಕೆ ದಾಟಿ ಹೋಯಿತು. ನನಗೆ ರಿವರ್ಸ್ ಇನ್ನೂ ಸರಿಯಾಗಿ ಬರುವುದಿಲ್ಲ ಎಂಬುದು ಅದಕ್ಕೆ ಗೊತ್ತಿರಲಿಕ್ಕಿಲ್ಲ.

ಡಿಸೆಂಬರ್ 12, ಗುರುವಾರ

ಯಶವಂತನಿಗೆ ಫೋನ್ ಮಾಡಿದೆ. "ಒಂದು ವಾರ ನಿಂತಿದೆ" ಎಂದೆ.

"ಎಲ್ಲಿತ್ತು ಭಾವ ಲೀಕು?"

ಎಲ್ಲವನ್ನೂ ಹೇಳಿದೆ. ಅವನು ನಗಲಿಲ್ಲ. ಭಾನುವಾರ ಬರುತ್ತೇನೆ ಎಂದ.

ಡಿಸೆಂಬರ್ 15, ಭಾನುವಾರ

ಯಶವಂತ ಬಂದ. ಊಟ ಮಾಡಿ ಎದ್ದು, "ಕೀ ಕೊಡಿ ಭಾವ" ಎಂದ.

"ಎಡಗಡೆ ಸೌದೆ ಇದೆ, ನಿನಗೆ ತೆಗೀಲಿಕ್ಕೆ ಕಷ್ಟ. ನಾನೇ ತೆಗೆದು ಕೊಡ್ತೀನಿ" ಎಂದೆ. ಅವನು ಬಾಯಿ ತೆರೆದು ನಿಂತ. ಹಿಂದಕ್ಕೆ ತೆಗೆಯುವಾಗ ಒಂದೇ ಒಂದು ಸೌದೆ ಬಿತ್ತು. ರಸ್ತೆಗೆ ತಂದು ತಿರುಗಿಸಿ ನಿಲ್ಲಿಸಿದೆ. ಇಳಿಯಬೇಕಿತ್ತು. ಆದರೆ ಹಿಂದಿನ ಸೀಟಿನಲ್ಲಿ ಎರಡು ಹೋಂಸ್ಟೇಯವರು ಹೇಳಿದ್ದ ಖಾರದ ಪುಡಿ, ಹಿಟ್ಟು ಇತ್ತು.

"ಕಳಸದವರೆಗೆ ನಾನು ಬಿಡ್ತೀನಿ ಯಶವಂತ. ಇದನ್ನ ಕೊಟ್ಟು ಇಳೀತೀನಿ. ಅಲ್ಲಿಂದ ನೀನು ತಗೊಂಡು ಹೋಗು, ನಾನು ಬಸ್ಸಿಗೆ ಬರ್ತೀನಿ."

ಅವನು ಎಡಗಡೆ ಕೂತ. ದಾರಿಯುದ್ದಕ್ಕೂ ನಾನೇ ಮಾತಾಡಿದೆನಂತೆ, ಆಮೇಲೆ ಅವನೇ ಹೇಳಿದ. ಎಲ್ಲಿ ಗೇರು ಬದಲಿಸಬೇಕು, ಯಾವ ತಿರುವಿನಲ್ಲಿ ಲಾರಿ ಬರುತ್ತದೆ, ಕಾಟಿ ಎದುರಾದರೆ ಏನು ಮಾಡಬೇಕು, ಇಷ್ಟೇ. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಜಾಗ ಕೊಟ್ಟೆ. ದಾಟುವಾಗ ಕಂಡಕ್ಟರ್ ಬಾಗಿಲಿನಿಂದ ಅರ್ಧ ದೇಹ ಹೊರಗೆ ಹಾಕಿ ಕೂಗಿದ, "ಓಹೋ, ಪೂರ್ತಿ ಕಾರೇ ಬಂತಾ!"

ಹೋಂಸ್ಟೇಗಳಲ್ಲಿ ಚೀಲ ಇಳಿಸಿದೆ. ಕಳಸಕ್ಕೆ ಬಂದು ಖಲೀಲನ ಅಂಗಡಿಯ ಮುಂದೆ ನಿಲ್ಲಿಸಿದೆ. ಖಲೀಲ್ ಯಶವಂತನ ಮುಖ ನೋಡದೆ ಯಾವುದೋ ಟ್ಯೂಬು ಉಜ್ಜುತ್ತಿದ್ದ. ನಾನು ಇಳಿದು ಕೀ ಮುಂದೆ ಹಿಡಿದೆ.

"ತಗೊ. ಸುಪ್ರಿಯಾಗೆ ಹೇಳು, ಎರಡನೇ ಗೇರು ಸ್ವಲ್ಪ ಬಿಗಿ, ಒದರಬಾರದು, ಸಮಾಧಾನವಾಗಿ ಕೇಳಿದ್ರೆ ಬೀಳ್ತದೆ. ಮತ್ತೆ ಫ್ಯಾನ್ ಹಾಕೋ ಮೊದಲು ಕಣ್ಣು ಮುಚ್ಕೋಬೇಕು."

ಯಶವಂತ ಕೀ ತೆಗೆದುಕೊಂಡ. ಕಾರಿನ ಸುತ್ತ ಒಂದು ಸುತ್ತು ಬಂದ. ಮುಂದಿನ ಬಲಗಡೆಯ ಚಕ್ರದ ಹತ್ತಿರ ಕೂತ. ಕ್ಯಾಪು ಬಿಚ್ಚಿ, ಕೀಯ ತುದಿಯಿಂದ ಒತ್ತಿದ.

ಚುಸ್.

ಖಲೀಲ್ ತಡೆಯಲು ಕೈ ಎತ್ತಿದವನು ಹಾಗೇ ಇಳಿಸಿದ. ಯಶವಂತ ಬಹಳ ಹೊತ್ತು ಒತ್ತಿ ಹಿಡಿದ. ಆಮೇಲೆ ಎದ್ದು, ಮುಖ ಆ ಕಡೆ ಮಾಡಿದ.

"ಗಾಳಿ ಕಡಿಮೆ ಇದ್ದ ಹಾಗಿದೆ ಭಾವ."

"ಈಗ ನೀನೇ ಬಿಟ್ಟೆಯಲ್ಲೋ!"

"ಅದೆಲ್ಲ ನಂಗೆ ಗೊತ್ತಿಲ್ಲ. ತೂತಿರೋ ಪಾತ್ರೆನ ನೆಂಟರಿಗೆ ಕೊಡ್ತಾರಾ? ಸರಿ ಮಾಡಿಸಿ, ಒಂದು ವಾರ ನೋಡಿ, ಫೋನ್ ಮಾಡಿ." ಕೀಯನ್ನು ನನ್ನ ಕೈಗೆ ತುರುಕಿ, ಹೊರಟು ನಿಂತಿದ್ದ ಮೂಡಿಗೆರೆ ಬಸ್ಸು ಹತ್ತಿಬಿಟ್ಟ.

ಯಶವಂತನಿಗೆ ಮೆಣಸಿನ ವ್ಯಾಪಾರ ಗೊತ್ತು, ಗಾಳಿಯ ವಿಷಯ ಏನೂ ತಿಳಿಯುವುದಿಲ್ಲ. ಖಲೀಲ್ ಗೇಜು ಇಟ್ಟು ನೋಡಿದ, ಅಂಥ ಕಡಿಮೆಯೇನೂ ಆಗಿರಲಿಲ್ಲ. ಹಾಗೆಂದು ನಾನು ಹೇಳಿದರೆ ಖಲೀಲ್, "ಸುಮ್ನೆ ಟೀ ಕುಡೀರಿ ಮಾರಾಯ್ರೆ" ಎಂದ.

ಡಿಸೆಂಬರ್ 22, ಭಾನುವಾರ

ಒಂದು ವಾರ ಬರೆಯಲಿಕ್ಕೆ ಆಗಲಿಲ್ಲ. ಹೋಂಸ್ಟೇಗಳಿಗೆ ಕ್ರಿಸ್‌ಮಸ್ ರಜೆಯ ಜನ ಬಂದಿದ್ದಾರೆ. ಎಲ್ಲರಿಗೂ ಒಟ್ಟಿಗೇ ಅಕ್ಕಿಹಿಟ್ಟು ಬೇಕು. ಪಂಚಮಿ ಫೋನ್ ಮಾಡಿ, "ಅಪ್ಪಾ, ಎಷ್ಟು ಸಲ ಮಾಡಿದ್ರೂ ಎತ್ತಲ್ಲ, ಎಲ್ಲಿರ್ತೀಯಾ?" ಎಂದು ಬೈದಳು.

ಕೊಟ್ಟ ಮಾತಿನಂತೆ ಯಶವಂತನಿಗೆ ಫೋನ್ ಮಾಡಿ, ಒಂದು ವಾರ ಗಾಳಿ ನಿಂತಿದೆ, ಬಂದು ತೆಗೆದುಕೊಂಡು ಹೋಗು ಎಂದೆ. "ಇನ್ನೊಂದು ವಾರ ನೋಡಿ ಭಾವ, ಟಯರ್ ವಿಷಯ, ಅವಸರ ಬೇಡ" ಎಂದ. ಯಾವ ಕಾಲಕ್ಕೂ ಬೇಗ ತೀರ್ಮಾನ ಮಾಡುವ ಸ್ವಭಾವ ಅವನಿಗಿಲ್ಲ.

ಬೆಳಿಗ್ಗೆ ಏನೋ ನೆನಪಾಗಿ ಜೇಬು ಮುಟ್ಟಿ ನೋಡಿದೆ. ಹೇರ್‌ಪಿನ್ ಇಲ್ಲ. ಇನ್ನೊಂದು ಅಂಗಿಯಲ್ಲೂ ಇಲ್ಲ. ಕಾರಿನಲ್ಲೇ ಎಲ್ಲೋ ಬಿದ್ದಿರಬೇಕು, ಇಲ್ಲವೇ ಗಿರಣಿಯಲ್ಲಿ. ನಾಳೆ ನಿಧಾನಕ್ಕೆ ಹುಡುಕಬೇಕು. ನಾಳೆ ಆಗುವುದಿಲ್ಲ, ಮುತ್ತಮ್ಮನನ್ನು ಕಣ್ಣು ತೋರಿಸಲು ಕಳಸಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದೇನೆ. ನಾಡಿದ್ದು ಗಿರಣಿ.

ಬುಧವಾರ ನೋಡೋಣ.